ಯಾದೃಚ್ಛಿಕ ನಿಯಂತ್ರಿತ ಪ್ರಯೋಗ

ಯಾದೃಚ್ಛಿಕ ನಿಯಂತ್ರಿತ ಪ್ರಯೋಗವು ಒಂದು ಔಷಧ, ಬೋಧನಾ ಕ್ರಮ ಅಥವಾ ಗೊಬ್ಬರ ನಿಜವಾಗಿಯೂ ಪರಿಣಾಮಕಾರಿಯೇ ಎಂಬುದನ್ನು ತಿಳಿಯಲು ಬಳಸುವ ಸಂಶೋಧನಾ ವಿಧಾನವಾಗಿದೆ. ಇದರಲ್ಲಿ ಭಾಗವಹಿಸುವವರನ್ನು ಚೀಟಿ ಎತ್ತಿದಂತೆ, ಯಾರ ಇಚ್ಛೆಗೂ ಎಡೆಯಿಲ್ಲದೆ, ಎರಡು ಅಥವಾ ಹೆಚ್ಚು ಗುಂಪುಗಳಿಗೆ ಹಂಚಲಾಗುತ್ತದೆ. ಒಂದು ಗುಂಪಿಗೆ ಹೊಸ ಚಿಕಿತ್ಸೆ ದೊರೆಯುತ್ತದೆ. ನಿಯಂತ್ರಣ ಗುಂಪು ಎನಿಸಿಕೊಳ್ಳುವ ಇನ್ನೊಂದಕ್ಕೆ ರೂಢಿಯಲ್ಲಿರುವ ಚಿಕಿತ್ಸೆಯನ್ನಾಗಲಿ, ಔಷಧದಂತೆ ಕಂಡರೂ ಔಷಧಗುಣವಿಲ್ಲದ ಗುಳಿಗೆಯನ್ನಾಗಲಿ ನೀಡುತ್ತಾರೆ. ಕೃಷಿ ಸಂಶೋಧನೆಯಲ್ಲಿ ಬೇರೂರಿದ ಈ ವಿಧಾನವು ವೈದ್ಯಕೀಯಕ್ಕೂ, ತರುವಾಯ ಶಿಕ್ಷಣ ಕ್ಷೇತ್ರಕ್ಕೂ ಹರಡಿತು.

ಚೀಟಿಯ ಅಗತ್ಯ

ಟ್ಯೂಷನ್‌ಗೆ ಹೋಗುವ ಮಕ್ಕಳು ಹೆಚ್ಚು ಅಂಕ ಪಡೆದರೆಂದು ಭಾವಿಸೋಣ. ಅದು ಟ್ಯೂಷನ್ನಿನ ಫಲವೋ, ಶುಲ್ಕ ಕಟ್ಟಬಲ್ಲ ಮನೆಯ ಅನುಕೂಲದ ಫಲವೋ ಎಂದು ಅಂಕಪಟ್ಟಿಯಷ್ಟನ್ನೇ ನೋಡಿ ಹೇಳಲಾಗದು. ಆಸ್ಪತ್ರೆಯಲ್ಲೂ ಹೀಗೆಯೇ. ಚೇತರಿಸಿಕೊಳ್ಳುವ ಲಕ್ಷಣವುಳ್ಳವರಿಗೇ ವೈದ್ಯರು ಹೊಸ ಔಷಧವನ್ನು ಕೊಟ್ಟರೆ, ಔಷಧವು ಇಲ್ಲದ ಕೀರ್ತಿಯನ್ನು ಗಳಿಸುತ್ತದೆ. ಹಂಚಿಕೆಯನ್ನು ಆಕಸ್ಮಿಕಕ್ಕೆ ಬಿಟ್ಟಾಗ ವಯಸ್ಸು, ಬಡತನ, ರೋಗದ ತೀವ್ರತೆ ಮಾತ್ರವಲ್ಲದೆ, ಸಂಶೋಧಕರಿಗೆ ಗೊತ್ತೇ ಇಲ್ಲದ ವ್ಯತ್ಯಾಸಗಳೂ ಎರಡೂ ಗುಂಪುಗಳಲ್ಲಿ ಸರಿಸುಮಾರು ಸಮನಾಗಿ ಹರಡಿಕೊಳ್ಳುತ್ತವೆ. ಗುಂಪುಗಳು ತೀರ ಚಿಕ್ಕದಾಗಿದ್ದರೆ ಮಾತ್ರ ಈ ಭರವಸೆ ಉಳಿಯದು.

ಇತಿಹಾಸ

ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1919ರಿಂದ ಕೆಲಸ ಮಾಡಿದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್ ಈ ವಿಧಾನಕ್ಕೆ ಗಣಿತದ ಬುನಾದಿ ಹಾಕಿದರು. ಒಂದೇ ಹೊಲದಲ್ಲಿಯೂ ಮಣ್ಣಿನ ಸಾರ ಒಂದೇ ತೆರನಾಗಿರುವುದಿಲ್ಲ. ಆದುದರಿಂದ ಯಾವ ತುಂಡಿಗೆ ಯಾವ ಗೊಬ್ಬರವೆಂಬುದನ್ನು ಆಕಸ್ಮಿಕವಾಗಿ ನಿರ್ಧರಿಸಬೇಕೆಂದು ಅವರು ಪ್ರತಿಪಾದಿಸಿದರು.

ವೈದ್ಯಕೀಯದಲ್ಲಿ ಮೈಲಿಗಲ್ಲೆನಿಸಿದ್ದು 1948ರಲ್ಲಿ ಪ್ರಕಟವಾದ ಸ್ಟ್ರೆಪ್ಟೊಮೈಸಿನ್ ಪ್ರಯೋಗ. ಬ್ರಿಟನ್ನಿನಲ್ಲಿ ಆಗ ಈ ಔಷಧ ಎಲ್ಲ ಕ್ಷಯರೋಗಿಗಳಿಗೂ ಸಾಲುವಷ್ಟು ಇರಲಿಲ್ಲ. ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಅವರು ಮುಚ್ಚಿದ ಲಕೋಟೆಗಳ ಮೂಲಕ 107 ರೋಗಿಗಳನ್ನು ಹಂಚುವ ವ್ಯವಸ್ಥೆ ರೂಪಿಸಿದರು. ಆರು ತಿಂಗಳ ಅಂತ್ಯಕ್ಕೆ ಔಷಧ ಪಡೆದ 55 ಮಂದಿಯಲ್ಲಿ 4 ಮಂದಿ, ಹಾಸಿಗೆಯ ವಿಶ್ರಾಂತಿ ಮಾತ್ರ ಪಡೆದ 52 ಮಂದಿಯಲ್ಲಿ 14 ಮಂದಿ ಸಾವನ್ನಪ್ಪಿದ್ದರು. ಔಷಧಕ್ಕೆ ರೋಗಾಣುಗಳು ಪ್ರತಿರೋಧ ಬೆಳೆಸಿಕೊಳ್ಳುವುದೂ ಇದೇ ಪ್ರಯೋಗದಲ್ಲಿ ಕಂಡುಬಂದಿತು. ನಿಯಂತ್ರಣ ಗುಂಪಿನವರಿಗೆ ತಾವು ಪ್ರಯೋಗವೊಂದರಲ್ಲಿ ಇದ್ದೇವೆಂಬುದೇ ತಿಳಿದಿರಲಿಲ್ಲ. ಇಂದಿನ ನಿಯಮಗಳು ಇದಕ್ಕೆ ಅವಕಾಶ ನೀಡುವುದಿಲ್ಲ.

ಭಾರತದಲ್ಲಿ 1956ರಲ್ಲಿ ಚೆನ್ನೈನಲ್ಲಿ ಆರಂಭವಾದ ಪ್ರಯೋಗವು ಕ್ಷಯದ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿತು. ಸ್ಯಾನಿಟೋರಿಯಂನ ವಿಶ್ರಾಂತಿ, ಉತ್ತಮ ಆಹಾರ, ಶುಶ್ರೂಷೆ ಅನಿವಾರ್ಯವೆಂಬ ನಂಬಿಕೆ ಆಗ ಬಲವಾಗಿತ್ತು. ಇಕ್ಕಟ್ಟಾದ ಮನೆಗಳಲ್ಲಿ, ಸಾಲದ ಊಟದ ನಡುವೆಯೂ, ಅದೇ ಔಷಧಗಳನ್ನು ಸೇವಿಸಿದವರು ಬಹುಮಟ್ಟಿಗೆ ಅಷ್ಟೇ ಚೆನ್ನಾಗಿ ಗುಣಮುಖರಾದರು. ಮನೆಯವರಿಗೆ ರೋಗ ಹರಡುವ ಅಪಾಯವೂ ಹೆಚ್ಚಲಿಲ್ಲ. ಆಸ್ಪತ್ರೆಯ ಹಾಸಿಗೆಗಾಗಿ ಕಾಯಬೇಕಾಗಿದ್ದ ಬಡ ರೋಗಿಗಳಿಗೆ ಇದರಿಂದ ಆದ ಉಪಕಾರ ಸಣ್ಣದಲ್ಲ.

ಕೋವಿಡ್-19 ಕಾಲದ ಪ್ರಯೋಗಗಳು

ಬ್ರಿಟನ್ನಿನಲ್ಲಿ ಮಾರ್ಚ್ 2020ರಲ್ಲಿ ಆರಂಭವಾದ 'ರಿಕವರಿ' ಪ್ರಯೋಗವು ಆಸ್ಪತ್ರೆಗೆ ದಾಖಲಾದ ಕೋವಿಡ್ ರೋಗಿಗಳ ಮೇಲೆ ಹಲವು ಔಷಧಗಳನ್ನು ಪರೀಕ್ಷಿಸಿತು. ಅಗ್ಗದ ಹಳೆಯ ಔಷಧವಾದ ಡೆಕ್ಸಾಮೆಥಾಸೋನ್ ಪಡೆದ ವೆಂಟಿಲೇಟರ್ ರೋಗಿಗಳಲ್ಲಿ 28 ದಿನಗಳೊಳಗೆ ಶೇ. 29.3ರಷ್ಟು ಮಂದಿ ಮೃತಪಟ್ಟರೆ, ಅದನ್ನು ಪಡೆಯದವರಲ್ಲಿ ಆ ಪ್ರಮಾಣ ಶೇ. 41.4 ಆಗಿತ್ತು. ಆಮ್ಲಜನಕದ ಅಗತ್ಯವಿಲ್ಲದವರಿಗೆ ಮಾತ್ರ ಈ ಔಷಧದಿಂದ ಲಾಭ ಕಾಣಲಿಲ್ಲ. ಜಗತ್ತಿನಾದ್ಯಂತ ಭಾರೀ ನಿರೀಕ್ಷೆ ಹುಟ್ಟಿಸಿದ್ದ ಹೈಡ್ರಾಕ್ಸಿಕ್ಲೋರೊಕ್ವಿನ್ ಇದೇ ಪ್ರಯೋಗದಲ್ಲಿ ಸಾವುಗಳನ್ನು ಕಡಿಮೆ ಮಾಡಲಿಲ್ಲ.

ಶಿಕ್ಷಣದಲ್ಲಿ ಬಳಕೆ

1990ರ ದಶಕದಲ್ಲಿ ಕೀನ್ಯಾದ ಗ್ರಾಮೀಣ ಶಾಲೆಗಳಿಗೆ ಪಠ್ಯಪುಸ್ತಕಗಳನ್ನು ಒದಗಿಸಿ ನೋಡಲಾಯಿತು. ಸರಾಸರಿ ಅಂಕಗಳು ಏರಲಿಲ್ಲ. ಮೊದಲೇ ಮುಂದಿದ್ದ ಮಕ್ಕಳಿಗಷ್ಟೇ ಪ್ರಯೋಜನವಾಯಿತು. ಪುಸ್ತಕಗಳು ಇಂಗ್ಲಿಷಿನಲ್ಲಿದ್ದವು, ಅದು ಅನೇಕ ಮಕ್ಕಳಿಗೆ ಮೂರನೆಯ ಭಾಷೆ. ಭಾರತದಲ್ಲಿ 'ಪ್ರಥಮ್' ಸಂಸ್ಥೆಯು ವಡೋದರ ಮತ್ತು ಮುಂಬಯಿಯ ಶಾಲೆಗಳಲ್ಲಿ, ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗೆ ಸ್ಥಳೀಯ ಯುವತಿಯರಿಂದ ದಿನಕ್ಕೆ ಸುಮಾರು ಎರಡು ಗಂಟೆ ಮೂಲಪಾಠಗಳನ್ನು ಹೇಳಿಸಿತು. ಈ 'ಬಾಲಸಖಿ' ಕಾರ್ಯಕ್ರಮದಿಂದ ಅಂಕಗಳು ಗಮನಾರ್ಹವಾಗಿ ಸುಧಾರಿಸಿದವು. ಆದರೆ ಕಾರ್ಯಕ್ರಮ ಮುಗಿದು ಒಂದು ವರ್ಷವಾಗುವಷ್ಟರಲ್ಲಿ ಆ ಲಾಭದ ಬಹುಭಾಗ ಕರಗಿತ್ತು. ಇಂತಹ ಪ್ರಯೋಗಗಳಿಗಾಗಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಮೈಕೇಲ್ ಕ್ರೆಮರ್ ಅವರಿಗೆ 2019ರ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು.

ಮಿತಿಗಳು ಮತ್ತು ನಿಯಮಗಳು

ಒಂದು ಊರಿನಲ್ಲಿ ಫಲಿಸಿದ್ದು ಇನ್ನೊಂದರಲ್ಲಿ ಫಲಿಸಲೇಬೇಕೆಂದಿಲ್ಲ ಎಂಬುದು ಈ ವಿಧಾನದ ಮೇಲಿನ ಪ್ರಮುಖ ಟೀಕೆ. ಸರಾಸರಿಯ ಲಾಭವು ಪ್ರತಿಯೊಬ್ಬರ ಲಾಭವೂ ಅಲ್ಲ. ಕೀನ್ಯಾದ ಪುಸ್ತಕಗಳೂ ಡೆಕ್ಸಾಮೆಥಾಸೋನ್ ಕೂಡ ಇದಕ್ಕೆ ನಿದರ್ಶನ. ಕೆಲವು ಪ್ರಶ್ನೆಗಳಿಗೆ ಚೀಟಿ ಎತ್ತುವಂತೆಯೇ ಇಲ್ಲ: ಹಾನಿಯನ್ನು ಅಳೆಯಲೆಂದು ಜನರಿಗೆ ಧೂಮಪಾನ ಮಾಡಿಸಲಾಗದು. ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಬ್ರಾಡ್‌ಫರ್ಡ್ ಹಿಲ್ ಅವರೇ ರಿಚರ್ಡ್ ಡಾಲ್ ಜೊತೆಗೂಡಿ, ರೋಗಿಗಳ ಅಭ್ಯಾಸಗಳನ್ನು ಹೋಲಿಸುವ ಬೇರೆ ಮಾರ್ಗದಿಂದ 1950ರಲ್ಲಿ ತೋರಿಸಿದರು.

ವೈದ್ಯಕೀಯ ಪ್ರಯೋಗಗಳಿಗೆ ಇಂದು ನೈತಿಕ ಸಮಿತಿಯ ಅನುಮೋದನೆಯೂ, ಭಾಗವಹಿಸುವವರ ತಿಳಿವಳಿಕೆಯುಳ್ಳ ಒಪ್ಪಿಗೆಯೂ ಬೇಕು. ಪ್ರತಿಕೂಲ ಫಲಿತಾಂಶಗಳನ್ನು ಮುಚ್ಚಿಡುವುದನ್ನು ತಡೆಯಲು ಪ್ರಯೋಗದ ಉದ್ದೇಶ ಮತ್ತು ಅಳತೆಗಳನ್ನು ಮುಂಚಿತವಾಗಿಯೇ ಸಾರ್ವಜನಿಕವಾಗಿ ನೋಂದಾಯಿಸುವ ಪದ್ಧತಿ ಬಂದಿದೆ. ಭಾರತದ ನೋಂದಣಿ ವ್ಯವಸ್ಥೆ 2007ರಲ್ಲಿ ಆರಂಭವಾಯಿತು; ಔಷಧ ಪ್ರಯೋಗಗಳ ನೋಂದಣಿಯನ್ನು 2009ರ ಜೂನ್‌ನಿಂದ ಕಡ್ಡಾಯಗೊಳಿಸಲಾಗಿದೆ.