ಬಫಲೋ ನಗರ ಉಳಿಸಿಕೊಂಡ ಗಗನಚುಂಬಿ

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಲ್ಲಿ ಕೆಂಗಂದು ಬಣ್ಣದ 13 ಮಹಡಿಗಳ ಕಟ್ಟಡವೊಂದಿದೆ. ಹೆಸರು ಗ್ಯಾರಂಟಿ ಬಿಲ್ಡಿಂಗ್. ಲೂಯಿ ಸಲಿವನ್ ಮತ್ತು ಡಾಂಕ್ಮಾರ್ ಆಡ್ಲರ್ ಜೋಡಿಯ ಈ ಕೃತಿ ಪೂರ್ಣಗೊಂಡಿದ್ದು 1896ರಲ್ಲಿ. ಇಂದು 13 ಮಹಡಿ ಯಾರಿಗೂ ದೊಡ್ಡದೆನಿಸದು. ಆದರೆ ಎತ್ತರದ ಕಟ್ಟಡಕ್ಕೆ ಅದರದೇ ಆದ ರೂಪ ದೊರೆತ ಘಟ್ಟವನ್ನು ಇಷ್ಟು ಸ್ಪಷ್ಟವಾಗಿ ತೋರುವ ಕಟ್ಟಡಗಳು ವಿರಳ.

ಗೋಡೆಗಳೇ ಭಾರ ಹೊರುತ್ತಿದ್ದ ಕಾಲದಲ್ಲಿ ಎತ್ತರ ಹೆಚ್ಚಿದಂತೆಲ್ಲ ಬುಡವೂ ದಪ್ಪಗಾಗಬೇಕಿತ್ತು. 1891ರಲ್ಲಿ ಷಿಕಾಗೋದಲ್ಲಿ ಎದ್ದ 16 ಮಹಡಿಗಳ ಮೊನಾಡ್ನಾಕ್ ಕಟ್ಟಡದ ಇಟ್ಟಿಗೆ ಗೋಡೆ ನೆಲಮಟ್ಟದಲ್ಲಿ ಸುಮಾರು 6 ಅಡಿ ದಪ್ಪವಿದೆ. ಉಕ್ಕಿನ ಚೌಕಟ್ಟು ಗೋಡೆಯನ್ನು ಆ ಹೊರೆಯಿಂದ ಬಿಡಿಸಿತು; ಲಿಫ್ಟ್ ಜನರನ್ನು ಮೇಲಕ್ಕೊಯ್ದಿತು. ಹೊರರೂಪದ ಪ್ರಶ್ನೆ ಮಾತ್ರ ಉಳಿದಿತ್ತು. ಹಲವು ವಾಸ್ತುಶಿಲ್ಪಿಗಳು ಹಳೆಯ ಅರಮನೆಗಳ ಅಂತಸ್ತುಗಳನ್ನೇ ಒಂದರ ಮೇಲೊಂದು ಪೇರಿಸುತ್ತಿದ್ದರು. ಸಲಿವನ್ ಹಾಗೆ ಮಾಡಲಿಲ್ಲ. ಕೆಳಗೆ ಅಗಲವಾದ ಗಾಜಿನ ಅಂಗಡಿಗಳು, ನಡುವೆ ಒಂದೇ ಬಗೆಯ ಕಚೇರಿ ಮಹಡಿಗಳು, ನೆತ್ತಿಯಲ್ಲಿ ಮುಂಚಾಚಿದ ಕಾರ್ನಿಸ್. ನಡುವಿನ ಕಂಬಗಳು ಎಲ್ಲೂ ತುಂಡಾಗದೆ ನೇರ ಮೇಲೇರಿ, ಕೊನೆಗೆ ಕಮಾನುಗಳಾಗಿ ಬಾಗುತ್ತವೆ.

ಹೊರಮೈಯನ್ನು ಹತ್ತಿರದಿಂದ ನೋಡಬೇಕು. ಅದು ಕಲ್ಲಲ್ಲ, ಟೆರಾಕೋಟಾ. ಜೇಡಿಮಣ್ಣನ್ನು ಅಚ್ಚಿಗೆ ಒತ್ತಿ, ಸುಟ್ಟು ಮಾಡಿದ ಬಿಲ್ಲೆಗಳು ಉಕ್ಕಿಗೆ ಬೆಂಕಿಯಿಂದ ರಕ್ಷಣೆ ಕೊಡುತ್ತವೆ. ಕಂಬಗಳ ಮೇಲೆ, ಕಿಟಕಿಗಳ ನಡುವಿನ ಫಲಕಗಳ ಮೇಲೆ ಎಲೆ, ಬಳ್ಳಿ, ಜ್ಯಾಮಿತಿಯ ರೇಖೆಗಳು ಹೆಣೆದುಕೊಂಡಿವೆ. ಮೇಲ್ತುದಿಯ ದುಂಡು ಕಿಟಕಿಗಳನ್ನು ಸುತ್ತುವರಿದು ಆ ಬಳ್ಳಿ ಕಾರ್ನಿಸ್‌ವರೆಗೂ ಹಬ್ಬಿದೆ.

ಇಂಥ ಕಟ್ಟಡವೂ ಒಮ್ಮೆ ನೆಲಸಮವಾಗುವುದರಲ್ಲಿತ್ತು. 1974ರಲ್ಲಿ ಬೆಂಕಿ ಬಿತ್ತು. 1975ರಲ್ಲಿ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು ಎಂಬ ಮಾನ್ಯತೆ ಸಿಕ್ಕರೂ, 1977ರಲ್ಲಿ ಮಾಲೀಕರು ಕೆಡವಲು ಅನುಮತಿ ಕೇಳಿದರು. ಊರಿನ ಸಂರಕ್ಷಣಾಸಕ್ತರು ಎದ್ದು ನಿಂತರು, ಸೆನೆಟರ್ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ ಜೊತೆಯಾದರು. 1983ರ ಹೊತ್ತಿಗೆ, 1.2 ಕೋಟಿ ಡಾಲರ್‌ಗೂ ಹೆಚ್ಚು ವೆಚ್ಚದಲ್ಲಿ ಜೀರ್ಣೋದ್ಧಾರ ಮುಗಿಯಿತು. 2002ರಲ್ಲಿ ವಕೀಲರ ಸಂಸ್ಥೆಯೊಂದು ಕಟ್ಟಡವನ್ನು ಕೊಂಡು, ಮತ್ತೊಮ್ಮೆ ದುರಸ್ತಿ ಮಾಡಿಸಿ ತನ್ನ ಕಚೇರಿಯಾಗಿಸಿಕೊಂಡಿತು.

ಇದೇ ಜೋಡಿ ಷಿಕಾಗೋದಲ್ಲಿ ಕಟ್ಟಿದ ಷೇರು ವಿನಿಮಯ ಕೇಂದ್ರಕ್ಕೆ ಆ ಭಾಗ್ಯವಿರಲಿಲ್ಲ. 1972ರಲ್ಲಿ ಅದನ್ನು ಕೆಡವಲಾಯಿತು. ಅಲಂಕಾರದ ತುಣುಕುಗಳನ್ನಾದರೂ ಉಳಿಸಲು ಹೋದ ಛಾಯಾಗ್ರಾಹಕ ರಿಚರ್ಡ್ ನಿಕೆಲ್ ಅವಶೇಷಗಳಡಿ ಸಿಲುಕಿ ಪ್ರಾಣ ಬಿಟ್ಟರು. ವಹಿವಾಟಿನ ಸಭಾಂಗಣವನ್ನು ಷಿಕಾಗೋ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಮರುಜೋಡಿಸಲಾಗಿದೆ, ಪ್ರವೇಶದ್ವಾರದ ಕಮಾನು ಹೊರಗೆ ನಿಂತಿದೆ. ಅವನ್ನು ನೋಡಿ ಸಲಿವನ್‌ನ ಕುಸುರಿಯನ್ನು ಮೆಚ್ಚಬಹುದು; ಉಕ್ಕು, ಬೆಳಕು, ಅಂಗಡಿ, ಕಚೇರಿ ಎಲ್ಲವನ್ನೂ ಅವನು ಹೇಗೆ ಒಂದಾಗಿಸಿದ ಎಂಬುದನ್ನು ಅರಿಯಲಾಗದು.

ಹೆಗ್ಗುರುತಿನ ಫಲಕ ಕಟ್ಟಡಕ್ಕೆ ಗೌರವ ಕೊಡುತ್ತದೆ. ಆಯುಷ್ಯ ಕೊಡುವುದು ಬಳಕೆ. ಹಳೆಯ ಕಟ್ಟಡವೊಂದು ನಮ್ಮೂರಿನಲ್ಲಿ ಖಾಲಿ ಬಿದ್ದಿದ್ದರೆ, ಕೆಡವುವ ಅರ್ಜಿ ಬರುವ ಮೊದಲೇ ಅದಕ್ಕೊಂದು ಕೆಲಸ ಹುಡುಕಿಕೊಡೋಣ.