ಎರೆಮಣ್ಣಿನ ಗೋಡೆ, ಆಸರೆಯ ಕಂಬ

ಪ್ರಶ್ನೆ: ಅಶ್ಶೂರದ ದಂಡು ಬರುವಾಗ ಯೆಹೂದ ರಾಜ್ಯ ಐಗುಪ್ತದ ಕುದುರೆ, ರಥಗಳ ನೆರವು ಕೇಳಿದ್ದನ್ನು ಪ್ರವಾದಿ ಯೆಶಾಯ ಏಕೆ ಖಂಡಿಸಿದ? ಪ್ರಾಣ ಉಳಿಸಿಕೊಳ್ಳುವುದು ತಪ್ಪೇ? (ಓದುಗರೊಬ್ಬರು, ಧಾರವಾಡ)

 

ಉತ್ತರಕ್ಕೆ ನಮ್ಮ ಎರೆಮಣ್ಣನ್ನೇ ನೋಡಿ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಪಾಯ ಗಟ್ಟಿನೆಲ ಮುಟ್ಟದಿದ್ದರೆ ಗೋಡೆ ಸೀಳುತ್ತದೆ. ಹೊರಗಿನಿಂದ ಕಂಬ ಆನಿಸಿದರೆ? ಆ ಕಂಬ ನಿಂತದ್ದೂ ಅದೇ ಮಣ್ಣಿನ ಮೇಲೆ. ಯೆಶಾಯನೂ ಉಬ್ಬಿ, ಥಟ್ಟನೆ ಕುಸಿಯುವ ಗೋಡೆಯ ಚಿತ್ರವನ್ನೇ ಬಳಸಿದ್ದಾನೆ.

ಅವನ ದೃಷ್ಟಿಯಲ್ಲಿ ಅಶ್ಶೂರ ದೇವರ ಕೈಯ ಬೆತ್ತ. ವಿಧವೆ, ಅನಾಥರ ನ್ಯಾಯ ಕಸಿದ ಯೆಹೂದದ ಮೇಲೆ ತೀರ್ಪು ಬಂದಿತ್ತು. ಬಿರುಕು ಒಳಗಿತ್ತು, ಐಗುಪ್ತ ಹೊರಗಿನ ಕಂಬ. ತೀರ್ಪು ಕೊಡುವವನಿಗೆ ಹೆದರಿ ಇನ್ನೊಬ್ಬ ಮನುಷ್ಯನ ಬೆನ್ನ ಹಿಂದೆ ಅಡಗಿದರೆ ಆಗದು, ಆ ದೇವರ ಕಡೆಗೇ ತಿರುಗಬೇಕು ಎಂಬುದು ಪ್ರವಾದಿಯ ವಾದ. ನನಗದು ಇಂದಿಗೂ ನಿಜವೆನಿಸುತ್ತದೆ.

ಕ್ರಿ.ಪೂ. 701ರಲ್ಲಿ ಅಶ್ಶೂರದ ರಾಜ ಸನ್ಹೇರೀಬ ದಂಡೆತ್ತಿ ಬಂದ. ಐಗುಪ್ತದ ಪಡೆಯನ್ನು ಸೋಲಿಸಿದೆ, ಯೆಹೂದದ 46 ಕೋಟೆಯೂರುಗಳನ್ನು ಗೆದ್ದೆ ಎಂದು ಶಾಸನ ಬರೆಸಿದ. ಯೆಹೂದದ ರಾಜಧಾನಿ ಯೆರೂಸಲೇಮನ್ನು ಗೆದ್ದೆನೆಂಬ ಮಾತು ಅದರಲ್ಲಿಲ್ಲ. ಬೈಬಲ್ ಪ್ರಕಾರ ಆಗ ಯೆಹೂದದ ರಾಜ ಹಿಜ್ಕೀಯ ಗೋಣಿತಟ್ಟು ಉಟ್ಟು ದೇವಾಲಯದಲ್ಲಿ ಮೊರೆಯಿಟ್ಟಿದ್ದ.

ಪ್ರಾಣ ಉಳಿಸಿಕೊಳ್ಳುವುದು ತಪ್ಪಲ್ಲ. ಯೆರೂಸಲೇಮಿನೊಳಗೆ ನೀರು ತರಲು ಬಂಡೆ ಕೊರೆಸಿದವನೂ ಹಿಜ್ಕೀಯನೇ. 500 ಮೀಟರಿಗೂ ಉದ್ದದ ಆ ಸುರಂಗ ಇಂದಿಗೂ ಇದೆ. ನೀರು ಕೂಡಿಸಿದ್ದಕ್ಕೆ ಯೆಶಾಯ ಜನರನ್ನು ಬೈಯಲಿಲ್ಲ. ಕೂಡಿಸುವಾಗ ಅದನ್ನೆಲ್ಲ ಏರ್ಪಡಿಸಿದ ದೇವರತ್ತ ಅವರು ಕಣ್ಣೆತ್ತಲಿಲ್ಲವೆಂದು ನೊಂದುಕೊಂಡ.