ಆಹಾರ ಸುರಕ್ಷತೆಗೆ ಬ್ಯಾಕ್ಟೀರಿಯೋಫೇಜ್: ಉದ್ದಿಮೆದಾರರು ಅರಿಯಬೇಕಾದುದು

ಮುಳಬಾಗಿಲು ತಾಲ್ಲೂಕಿನ ವಡ್ಡಹಳ್ಳಿ ಮಾರುಕಟ್ಟೆಯ ಟೊಮ್ಯಾಟೊ, ಶ್ರೀನಿವಾಸಪುರದ ಮಾವು ಹಾಗೂ ಜಿಲ್ಲೆಯ ಹಾಲನ್ನು ಸಂಸ್ಕರಿಸಿ ಮಾರುವವರಿಗೆ ಬೆಲೆಯ ಏರಿಳಿತದಷ್ಟೇ ಆತಂಕಕಾರಿಯಾದುದು ಸರಕು ತಿರಸ್ಕೃತವಾಗುವ ಸಂಭವ. ಸಿದ್ಧ ಆಹಾರದಲ್ಲಿ ಸಾಲ್ಮೊನೆಲ್ಲಾ ಅಥವಾ ಲಿಸ್ಟೀರಿಯಾ ಬ್ಯಾಕ್ಟೀರಿಯಾ ಕಂಡುಬಂದಲ್ಲಿ ಇಡೀ ಬ್ಯಾಚ್ ನಷ್ಟದ ಬಾಬ್ತಿಗೆ ಸೇರುತ್ತದೆ. ಇಂತಹ ಬ್ಯಾಕ್ಟೀರಿಯಾಗಳನ್ನು ವೈರಾಣುವಿನಿಂದಲೇ ಹತ್ತಿಕ್ಕುವ ವಿಧಾನವೊಂದು ಹೊರದೇಶಗಳಲ್ಲಿ ವಾಣಿಜ್ಯ ಬಳಕೆಗೆ ಬಂದಿದೆ.

ಬ್ಯಾಕ್ಟೀರಿಯೋಫೇಜ್ ಅಥವಾ ಫೇಜ್ ಎಂಬುದು ಬ್ಯಾಕ್ಟೀರಿಯಾಗಳನ್ನು ಮಾತ್ರ ಆಕ್ರಮಿಸುವ ವೈರಾಣು; ಮನುಷ್ಯನ ಜೀವಕೋಶಗಳಿಗೆ ಅದು ಸೋಂಕು ತಗುಲಿಸದು. ಬ್ಯಾಕ್ಟೀರಿಯಾದೊಳಗೆ ತನ್ನ ಆನುವಂಶಿಕ ದ್ರವ್ಯವನ್ನು ಸೇರಿಸಿ, ಅಲ್ಲಿಯೇ ವೃದ್ಧಿಸಿ, ಕೊನೆಗೆ ಆ ಕೋಶವನ್ನೇ ಒಡೆದು ಹೊರಬರುತ್ತದೆ. ಗಂಗಾ, ಯಮುನಾ ನೀರು ಕಾಲರಾ ರೋಗಾಣುಗಳನ್ನು ಕೊಲ್ಲುವುದನ್ನು 1896ರಲ್ಲಿಯೇ ಹ್ಯಾಂಕಿನ್ ವರದಿ ಮಾಡಿದ್ದರು. 1917ರಲ್ಲಿ ದೆರೆಲ್ ಇದಕ್ಕೆ ಫೇಜ್ ಎಂಬ ಹೆಸರಿತ್ತರು. ಡಾ. ಜಾನಕಿರಾಮನ್ ರಾಮಚಂದ್ರನ್ 2000ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಫೇಜ್ ಸಂಶೋಧನಾ ಕಂಪನಿಯ ಹೆಸರು ಗಂಗಾಜೆನ್ ಎಂಬುದು ಇಲ್ಲಿ ಸ್ಮರಣೀಯ.

ಆಹಾರ ಕ್ಷೇತ್ರದಲ್ಲಿ ನಿರ್ಣಾಯಕ ವರ್ಷ 2006. ಆ ವರ್ಷದ ಆಗಸ್ಟ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ನೇರವಾಗಿ ತಿನ್ನಬಹುದಾದ ಮಾಂಸ ಹಾಗೂ ಕೋಳಿಮಾಂಸದ ಮೇಲೆ ಲಿಸ್ಟೀರಿಯಾ ವಿರುದ್ಧ ಆರು ಫೇಜ್‌ಗಳ ಮಿಶ್ರಣವನ್ನು ಸಿಂಪಡಿಸಲು ಅನುಮತಿಸಿತು.

ನಮ್ಮ ಭಾಗದಲ್ಲಿ ಇದರ ಉಪಯೋಗವೆಷ್ಟು? ಕಾಯಿಸಿ ಡಬ್ಬಿಗೆ ತುಂಬುವ ಮಾವಿನ ತಿರುಳಿಗೆ ಇದರ ಅಗತ್ಯವೇ ಇಲ್ಲ. ಶಾಖವೇ ಆ ಕೆಲಸ ಮಾಡುತ್ತದೆ. ಕತ್ತರಿಸಿ ಪ್ಯಾಕ್ ಮಾಡಿದ ಹಸಿ ತರಕಾರಿ, ಹಣ್ಣುಗಳಂತಹ, ಶಾಖ ಕಾಣದ ಸರಕಿಗೆ ಮಾತ್ರ ಪ್ರಯೋಜನವಿದೆ. ಆದರೆ ಒಂದು ಫೇಜ್ ಒಂದು ಪ್ರಭೇದವನ್ನೋ, ಅದರ ಕೆಲವು ತಳಿಗಳನ್ನೋ ಮಾತ್ರ ಕೊಲ್ಲುತ್ತದೆ. ಘಟಕದಲ್ಲಿರುವುದು ಯಾವ ಬ್ಯಾಕ್ಟೀರಿಯಾ ಎಂದು ಪ್ರಯೋಗಾಲಯ ಹೇಳುವ ಮೊದಲೇ ಫೇಜ್ ಕೊಳ್ಳುವುದು ರೋಗ ತಿಳಿಯದೆ ಔಷಧ ತಂದಂತೆ. ಇದು ಯಂತ್ರದಂತೆ ಒಮ್ಮೆ ಬಂಡವಾಳ ಹೂಡಿ ವರ್ಷ ವರ್ಷ ಸವಕಳಿ ಬರೆಯುವ ಬಾಬ್ತೂ ಅಲ್ಲ. ಪ್ರತಿ ಬ್ಯಾಚಿಗೂ ಮರುಕಳಿಸುವ ವೆಚ್ಚ. ತೊಳೆಯುವ ನೀರು ಕೊಳಕಾಗಿದ್ದರೆ ಆ ಹಣವೂ ವ್ಯರ್ಥ.

ಹಾಲಿನ ಉದ್ಯಮಕ್ಕಂತೂ ಫೇಜ್ ಹಳೆಯ ವೈರಿ. ಹೆಪ್ಪಿನ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳನ್ನೇ ಕೊಂದು ಮೊಸರು, ಚೀಸ್ ಕೆಡಿಸುವ ಫೇಜ್‌ಗಳೂ ಉಂಟು.

ಪ್ರಯೋಗಕ್ಕೆ ಮುಂದಾಗುವವರು ಮೊದಲು ನೋಡಬೇಕಾದುದು ಕಾನೂನನ್ನು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಅಡಿಯಲ್ಲಿ 2017ರಲ್ಲಿ ಹೊರಬಂದ ನಿಯಮಾವಳಿಯಂತೆ, ನಿಗದಿತ ಮಾನದಂಡಗಳಲ್ಲಿ ಸೇರಿರದ ಸಂಯೋಜನೀಯ ಹಾಗೂ ಸಂಸ್ಕರಣಾ ಸಹಾಯಕಗಳಿಗೆ ಪ್ರಾಧಿಕಾರದ ಪೂರ್ವಾನುಮತಿ ಕಡ್ಡಾಯ. ಹೊರದೇಶದ ಅನುಮತಿ ಪತ್ರವನ್ನು ತೋರಿಸುವ ಮಾರಾಟಗಾರನಿಂದ ಭಾರತದ ಅನುಮತಿಯ ಪ್ರತಿಯನ್ನೂ ಕೇಳಿ ಪಡೆಯತಕ್ಕದ್ದು.